ಬಂಗಾರಿ ಉಳಿದುಕೊಂಡ ಗೆಸ್ಟ್ ಹೌಸು

ಹೊಳನಗದ್ದೆಯ ಬಂಗಾರಿಗೆ ಮೆಚ್ಚುಗೆಯಾಗುವ ವಸ್ತು ಈ ಭೂಮಿಯ ಮೇಲೆ ಇದೆಯೋ ಇಲ್ಲವೋ ಎಂಬುದು ಅವಳ ಗಂಡ ಜಟ್ಟನಿಗೂ ಈವರೆಗೆ ಗೊತ್ತಾಗಿಲ್ಲ. ಮದುವೆಯಾಗಿ ಬಂದ ದಿನವೇ ಗಂಡನ ಮನೆಯ ಬಾವಿ ನೀರು ಕುಡಿದು "ಸಪ್ಪೆ" ಎಂದವಳು ಅವಳು. ಅದೇ ನೀರಲ್ಲಿ ಹರಿವೆ, ಬದನೆ, ಸಿಹಿ ಈರುಳ್ಳಿ ಬೆಳೆದು, ಕುಮಟೆ ಪೇಟೆಯಲ್ಲಿ ಹರಡಿಕೊಂಡು ಕೂತು ಮೂವತ್ತು ಚಿಲ್ಲರೆ ವರ್ಷ ಸಂಸಾರ ನಡೆಸಿದಳು. ಆದರೂ ನೀರು ಸಪ್ಪೆ ಎಂಬ ಮಾತನ್ನು ಹಿಂತೆಗೆದುಕೊಂಡಿಲ್ಲ. ಗಿರಾಕಿಗಳೆಂದರೆ ಅವಳಿಗೆ ಇನ್ನೂ ಸಸಾರ. ಈರುಳ್ಳಿ ಗೊಂಚಲು ಎತ್ತಿ ಹಿಚುಕಿ ನೋಡಿದವರಿಗೆ, "ಒತ್ತಬೇಡ ಮಾರಾಯಾ. ಈರುಳ್ಳಿ ಅದು, ನಿನ್ ಮಗುವಿನ ಗಲ್ಲ ಅಲ್ಲ" ಎನ್ನುವಳು. ಬಯ್ಯಿಸಿಕೊಂಡವರೂ ಮರುವಾರ ಅವಳ ಮುಂದೆಯೇ ಬಂದು ನಿಲ್ಲುತ್ತಿದ್ದರು, ಯಾಕೆಂದರೆ ಅವಳ ಈರುಳ್ಳಿ ಚೆನ್ನಾಗಿರುತ್ತಿತ್ತು.

ಅವಳ ನಾಲಿಗೆಗೆ ಇನ್ನೊಂದು ಕಸುಬಿತ್ತು, ಹಾಡು. ಬೇಸಿಗೆಯಲ್ಲಿ ಈರುಳ್ಳಿ ಕಿತ್ತು ಒಣಗಿಸಿದ ಮೇಲೆ ಕೇರಿಯ ಹೆಂಗಸರೆಲ್ಲ ಒಂದೇ ಅಂಗಳದಲ್ಲಿ ಕೂತು, ಒಣ ಎಲೆಗಳನ್ನು ಜಡೆಯಂತೆ ಹೆಣೆದು ಗೊಂಚಲು ಕಟ್ಟುತ್ತಾರೆ. ಕೈ ಹೆಣೆಯುವಾಗ ಬಾಯಿ ಸುಮ್ಮನಿರಬಾರದಲ್ಲ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನು ಹಿಡಿದು ಮತ್ತೆ ಹಾಡುತ್ತಾರೆ. ಕೇರಿಯಲ್ಲಿ ಯಾರು ಎಲ್ಲಿ ಎಡವಿದರೂ ಆ ವರ್ಷದ ಸೊಲ್ಲಿಗೆ ಸಿಕ್ಕಿಬೀಳುವುದು ಖಂಡಿತ. ಬೇರೆಯವರು ಕಟ್ಟಿದ ಸೊಲ್ಲು ಮಳೆಗಾಲಕ್ಕೆ ಮರೆತುಹೋಗುತ್ತಿತ್ತು. ಬಂಗಾರಿ ಕಟ್ಟಿದ್ದು ಮಾತ್ರ ಬಟ್ಟೆಗೆ ಬಿದ್ದ ಗೇರುಸೊನೆಯ ಕಲೆ, ಹೋಗುವಂಥದಲ್ಲ.

ಆ ಕೇರಿಯ ಹಳಬರಲ್ಲಿ ಒಂದು ನೇಮವಿತ್ತು. ಮಗಳನ್ನು ಕೊಟ್ಟ ಮನೆಯಲ್ಲಿ, ಅವಳಿಗೆ ಮಗು ಹುಟ್ಟುವ ತನಕ, ಹೆತ್ತವಳು ಅನ್ನ ನೀರು ಮುಟ್ಟಬಾರದು. ಈ ನೇಮ ಮಾಡಿದವರು ಯಾರೋ, ಅವರಿಗೆ ಬೇರೆ ಕೆಲಸ ಇರಲಿಲ್ಲವೆಂದು ಕಾಣುತ್ತದೆ. ಈಗಿನವರು ಹೆಚ್ಚಿನವರು ಅದನ್ನು ಸದ್ದಿಲ್ಲದೆ ಬಿಟ್ಟಿದ್ದರು. ಬಂಗಾರಿ ಬಿಡಲಿಲ್ಲ. ಬಿಟ್ಟವರನ್ನು ಹೀಯಾಳಿಸುವ ಸುಖ ಅವಳಿಗೆ ಆ ನೇಮಕ್ಕಿಂತ ದೊಡ್ಡದಾಗಿತ್ತು.

ಪಕ್ಕದ ಮನೆಯ ಹೊನ್ನಮ್ಮನೇ ಅದಕ್ಕೆ ಸಾಕ್ಷಿ. ಬಹಳ ವರ್ಷದ ಹಿಂದೆ ಹೊನ್ನಮ್ಮ ಬಿಸಿಲಲ್ಲಿ ನಡೆದು ಹಳದೀಪುರದ ಮಗಳ ಮನೆಗೆ ಹೋಗಿ, ಬಾಯಾರಿಕೆ ತಡೆಯದೆ ಒಂದು ಲೋಟ ಚಾ ಕುಡಿದುಬಿಟ್ಟಳು. ಮಗಳಿಗಿನ್ನೂ ಮಕ್ಕಳಾಗಿರಲಿಲ್ಲ. ಸುದ್ದಿ ಅವಳಿಗಿಂತ ಮೊದಲೇ ಕೇರಿಗೆ ಬಂತು. ಮರುದಿನ ಅಂಗಳದಲ್ಲಿ ಬಂಗಾರಿಯ ಸೊಲ್ಲು ತಯಾರಾಗಿತ್ತು.

"ಹೊನ್ನಮ್ಮ ಚಾ ಕುಡ್ದಳಂತೆ ಮಗಳ ಮನೆಯಲ್ಲಿ,
ತೊಟ್ಲು ಕಟ್ಟೂಕ್ ಮುಂಚೆ ಲೋಟ ಹಿಡ್ದಳಂತೆ."

ಹೊನ್ನಮ್ಮ ಆ ಬೇಸಿಗೆಯೆಲ್ಲ ಅಂಗಳಕ್ಕೆ ಬರಲಿಲ್ಲ, ಒಬ್ಬಳೇ ಮನೆಯೊಳಗೆ ಕೂತು ಗೊಂಚಲು ಕಟ್ಟಿದಳು. ಮರುವರ್ಷ ಅವಳ ಮಗಳಿಗೆ ಗಂಡು ಮಗುವಾಯಿತು. ಆ ಮೊಮ್ಮಗ ಬೆಳೆದು, ರಜೆಗೆ ಬಂದಾಗ ಅಜ್ಜಿಯ ಮುಂದೆಯೇ ಆ ಹಾಡು ಗುನುಗುತ್ತಾನೆ.

ಊರಿಗೆಲ್ಲ ತೋಡಿದ ಗುಂಡಿ ತನ್ನ ಮನೆ ಬಾಗಿಲಿಗೂ ಬರುತ್ತದೆಂದು ಬಂಗಾರಿ ಎಣಿಸಿರಲಿಲ್ಲ. ಅವಳ ಒಬ್ಬಳೇ ಮಗಳು ಉಮಾಳನ್ನು ಭಟ್ಕಳದ ಕಡೆಗೆ ಕೊಟ್ಟು ಎಂಟು ವರ್ಷವಾಗಿತ್ತು. ಅಳಿಯ ಪ್ರವೀಣ ಭಟ್ಕಳ ಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಮಾಡುವವನು. ಮಗಳು ತವರಿಗೆ ಬರುತ್ತಿದ್ದಳು, ಹೋಗುತ್ತಿದ್ದಳು. ಬಂಗಾರಿ ಮಾತ್ರ ಮಗಳ ಮನೆಗೆ ಹೋದದ್ದು ಒಂದೇ ಸಲ. ಮೊದಲ ವರ್ಷ ನೀರಿನ ಬಾಟ್ಲಿಯನ್ನೂ ಅವಲಕ್ಕಿಯನ್ನೂ ಕಟ್ಟಿಕೊಂಡು ಹೋಗಿ, ಜಗಲಿಯಲ್ಲೇ ಕೂತು, ಸಂಜೆಯ ಬಸ್ಸಿಗೆ ವಾಪಸು ಬಂದಿದ್ದಳು. "ಮೊಮ್ಮಗು ಬರ್ಲಿ, ಆಮೇಲೆ ಹೊಟ್ಟೆ ಒಡೆಯೂ ಹಂಗೆ ಉಣ್ತೆ" ಎಂದಿದ್ದಳು.

ಮೊಮ್ಮಗು ಬರಲಿಲ್ಲ. ಹೋದ ವರ್ಷ ಡಾಕ್ಟರು ಇನ್ನು ಆ ಆಸೆ ಇಟ್ಟುಕೊಳ್ಳಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಉಮಾ ಅದನ್ನು ಫೋನಿನಲ್ಲಿ ತಾಯಿಗೆ ಹೇಳಿ, "ಹಂಗಾರೆ ನೀ ಇನ್ನು ಯಾವತ್ತೂ ನಮ್ಮನೇಲಿ ಉಣ್ಣೂದಿಲ್ಲ, ಅಲ್ದ ಅವ್ವ?" ಎಂದು ಕೇಳಿದಳು.

ಬಂಗಾರಿ "ಒಲೆ ಮೇಲೆ ಹಾಲಿಟ್ಟೆ" ಎಂದು ಸುಳ್ಳು ಹೇಳಿ ಫೋನು ಇಟ್ಟಳು. ಆ ರಾತ್ರಿ ಜಟ್ಟ, "ಹೋಗಿ ಎರಡು ತುತ್ತು ಉಂಡ್ಕಂಡು ಬಾ, ಎಂತಾಗ್ತದೆ?" ಎಂದದ್ದಕ್ಕೆ ಅವನನ್ನು ಚೆನ್ನಾಗಿ ಬಯ್ದಳು. ಎಂತಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮಗಳ ಮನೆಯಲ್ಲಿ ಒಂದು ಅಗುಳು ತಿಂದರೆ ಅಂಗಳದಲ್ಲಿ ಹೊನ್ನಮ್ಮ ಕಾದಿರುತ್ತಾಳೆ. ಬಂಗಾರಿಗೆ ದೇವರ ಹೆದರಿಕೆ ಇರಲಿಲ್ಲ, ನೇಮದ ಹೆದರಿಕೆಯೂ ಅಷ್ಟಕ್ಕಷ್ಟೆ. ಅವಳು ಹೆದರಿದ್ದು ತಾನೇ ಕಟ್ಟಿದ ಹಾಡಿಗೆ.

ಹೀಗಿರುವಾಗ ಈ ಏಪ್ರಿಲಿನಲ್ಲಿ ಶಿರಾಲಿಯ ನೆಂಟರ ಮನೆಯ ಮದುವೆ ಬಂತು. ಹಾಡಿಗೆ ಬಂಗಾರಿಯೇ ಬೇಕೆಂದು ಹೇಳಿಕಳಿಸಿದರು. ಕತ್ತಲಾಗುವ ತನಕ ಹಾಡಬೇಕು, ಆಮೇಲೆ ಕುಮಟೆಗೆ ಬರುವುದು ಕಷ್ಟ. ಪ್ರವೀಣ ಫೋನು ಮಾಡಿ, "ಅತ್ತೆ, ನೀವು ನಮ್ಮನೇಲಿ ಉಳಿಯೂದಿಲ್ಲ ಅಂತ ಗೊತ್ತದೆ. ತೆಂಗಿನಗುಂಡಿಲಿ ಒಂದು ಹೊಸ ಗೆಸ್ಟ್ ಹೌಸ್ ಆಗ್ಯದೆ. ರೂಮು ಹೇಳಿಟ್ಟಿದ್ದೆ. ಉಮಾನೂ ನಿಮ್ ಜೊತೆ ಅಲ್ಲೇ ಮಲಗ್ತಾಳೆ. ಬೆಳಿಗ್ಗೆ ವ್ಯಾನಲ್ಲಿ ಬಿಟ್ಟು ಬರ್ತೆ" ಎಂದ. ದುಡ್ಡು ಕೊಟ್ಟು ಉಣ್ಣುವ ಜಾಗದಲ್ಲಿ ನೇಮದ ತಂಟೆ ಇಲ್ಲ. ಬಂಗಾರಿ ಒಪ್ಪಿದಳು.

ಮದುವೆ ಮನೆಯಲ್ಲಿ ಹಾಡಿದಳು. ಅಲ್ಲಿಯ ಪಲಾವು ನೋಡಿ ಮೂಗು ಮುರಿದು, ಎಲೆಯ ಮೇಲೆ ಒಂದೆರಡು ತುತ್ತು ಆಡಿಸಿ ಎದ್ದಳು. ಪ್ರವೀಣ ಅಂಗಡಿಯ ವ್ಯಾನು ತಂದು ಅವಳನ್ನೂ ಉಮಾಳನ್ನೂ ಹತ್ತಿಸಿಕೊಂಡು ತೆಂಗಿನಗುಂಡಿಯ ಒಂದು ಓಣಿಯಲ್ಲಿ ನಿಲ್ಲಿಸಿದ. ಸಣ್ಣ ಹೆಂಚಿನ ಮನೆ. ಎದುರಿಗೆ ನೀಲಿ ಸಮುದ್ರ, ಎರಡು ತೆಂಗಿನಮರ, ಒಂದು ಹಾಯಿದೋಣಿ ಇರುವ ದೊಡ್ಡ ಫ್ಲೆಕ್ಸು, ಅದರ ಮೇಲೆ 'ಸಾಗರ ದರ್ಶನ ಗೆಸ್ಟ್ ಹೌಸ್' ಎಂಬ ಅಕ್ಷರ.

"ಸಾಗರ ಎಲ್ಲದೆ?" ಬಂಗಾರಿ ಕೇಳಿದಳು.

"ಅಲ್ಲಿ, ಆ ಮನೆ ಹಿಂದೆ, ಅತ್ತೆ."

"ಹಂಗಾರೆ ಆ ಮನೆ ದರ್ಶನ ಅಂತ ಹೆಸರಿಡಬೇಕಿತ್ತು."

ಬಾಗಿಲಲ್ಲಿ ಒಬ್ಬ ಇನ್‌ಶರ್ಟ್ ಮಾಡಿಕೊಂಡು ನಿಂತಿದ್ದ. ಅವನು ಮ್ಯಾನೇಜರು ನರೇಶನಂತೆ. "ಬನ್ನಿ ಮೇಡಂ" ಎಂದ.

"ನನ್ನ ಮೇಡಂ ಅಂದವ ನೀನೇ ಮೊದ್ಲು. ಕಡೆಯವನೂ ನೀನೇ ಆಗು" ಎಂದು ಬಂಗಾರಿ ಒಳಗೆ ಹೋದಳು.

ಮ್ಯಾನೇಜರನಿಗೆ ತನ್ನದೇ ಗೆಸ್ಟ್ ಹೌಸಿನ ಸ್ವಿಚ್ಚು ಗೊತ್ತಿರಲಿಲ್ಲ. ಮೊದಲು ಒತ್ತಿದ್ದಕ್ಕೆ ಫ್ಯಾನು ತಿರುಗಿತು, ಎರಡನೆಯದಕ್ಕೆ ಹೊರಗಿನ ದೀಪ ಹೊತ್ತಿತು. ಮೂರನೆಯದಕ್ಕೆ ಏನೂ ಆಗದಿದ್ದಾಗ ಉಮಾ ಬಂದು ಒಂದೇ ಸಲಕ್ಕೆ ಸರಿಯಾದದ್ದನ್ನು ಒತ್ತಿದಳು. ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಯಾವುದೋ ಫೋಟೋ ತೆಗೆದ ಚೌಕದ ಗುರುತು. ಬಂಗಾರಿ ಎಲ್ಲವನ್ನೂ ನೋಡಿದಳು. ಗೆಸ್ಟ್ ಹೌಸು ಎಂದರೆ ಹೀಗೇ ಗತಿಗೆಟ್ಟಿರುತ್ತದೆ ಎಂದುಕೊಂಡು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು.

ಬಚ್ಚಲಲ್ಲಿ ಹಂಡೆಯ ಪಕ್ಕ ಒಂದು ತಾಮ್ರದ ಚೊಂಬಿತ್ತು. ಅದರ ಹೊಟ್ಟೆ ಒಂದು ಕಡೆ ತಗ್ಗಾಗಿತ್ತು. ಉಮಾಳ ಮದುವೆಗೆ ಕೊಡಲೆಂದು ಕುಮಟೆಯಿಂದ ತಂದ ದಿನವೇ ಜಟ್ಟ ಅದನ್ನು ಬಾವಿಕಟ್ಟೆಯ ಮೇಲೆ ಕೆಡವಿದ್ದ, ಬಂಗಾರಿ ಅವನನ್ನು ಮೂರು ದಿನ ಬಯ್ದಿದ್ದಳು. ಬಯ್ದದ್ದನ್ನು ಅವಳು ಮರೆಯುವವಳಲ್ಲ. ಚೊಂಬನ್ನು ಎತ್ತಿ ತಿರುಗಿಸಿ ನೋಡಿದಳು. ಅದೇ ತಗ್ಗು.

ಹೋದ ದೀಪಾವಳಿಗೆ ಮಗಳು ಅಳಿಯ ತೆಂಗಿನಗುಂಡಿಯ ಹೊಸ ಬಾಡಿಗೆ ಮನೆಗೆ ಬಂದದ್ದು ಅವಳಿಗೆ ಗೊತ್ತಿತ್ತು, ಮನೆ ನೋಡಿರಲಿಲ್ಲ. ಈಗ ನೋಡಿದಳು. ಮದುವೆಯ ಫೋಟೋ ಅಡಗಿಸಿಟ್ಟವರು, ಊರೆಲ್ಲ ಕಾಣುವಂತೆ ಫ್ಲೆಕ್ಸು ಕಟ್ಟಿದವರು, ಯಾವನಿಗೋ ಇನ್‌ಶರ್ಟ್ ಮಾಡಿಸಿ ಮ್ಯಾನೇಜರೆಂದು ನಿಲ್ಲಿಸಿದವರು, ಚೊಂಬನ್ನು ಮರೆತಿದ್ದರು. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು.

ಮೊದಲು ಅವಳಿಗೆ ಬಂದದ್ದು ಸಿಟ್ಟು. ಚೊಂಬನ್ನು ಕೈಯಲ್ಲಿ ಹಿಡಿದು ಹೊರಗೆ ಹೋಗಿ ಅಳಿಯನ ಮುಂದೆ ಕುಕ್ಕಿ, "ಇದೆಂತ ನಾಟಕ?" ಎಂದು ಕೇಳಬೇಕೆನ್ನಿಸಿತು. ಕೇಳಿದರೆ? ಬಂದ ದಾರಿಯಲ್ಲೇ ಹಸಿದ ಹೊಟ್ಟೆಯಲ್ಲಿ ವಾಪಸು ಹೋಗಬೇಕು, ಮಗಳು ಮತ್ತೆ ಯಾವತ್ತೂ ಕರೆಯುವುದಿಲ್ಲ. ಸುಮ್ಮನಿದ್ದು ಉಂಡರೆ, ಹೊನ್ನಮ್ಮನ ಮರ್ಯಾದೆ ತೆಗೆದ ಬಾಯಿಯಿಂದಲೇ ತನ್ನ ಮರ್ಯಾದೆಯೂ ಹೋಯಿತು. ಅಡುಗೆಮನೆಯಿಂದ ಜುಮ್ಮನಕಾಯಿ ಮಸಾಲೆ ಹಾಕಿದ ಬಂಗಡೆ ಮೀನಿನ ಸಾರಿನ ಪರಿಮಳ ಬರುತ್ತಿತ್ತು. ಬಂಗಾರಿಗೆ ತನ್ನ ಮೇಲೇ ಅಸಹ್ಯವಾಯಿತು. ಇಂಥ ಒಂದು ಮನೆಗೆ ಇಂಥ ಒಂದು ಬೋರ್ಡು ಕಟ್ಟಿಸಿದವಳು ತಾನಲ್ಲವೇ? ಚೊಂಬನ್ನು ಮೂಲೆಯಲ್ಲಿಟ್ಟು, ಯಾರಿಗೂ ಕಾಣದಂತೆ ಅದರ ಮೇಲೆ ಬಾಲ್ದಿ ಕವುಚಿ ಹೊರಗೆ ಬಂದಳು.

ನರೇಶ ಬಟ್ಟಲಿಟ್ಟ. ಕುಚಲಕ್ಕಿ ಅನ್ನ, ಬಂಗಡೆ ಸಾರು, ಹರಿವೆ ಪಲ್ಯ. ಉಮಾ ತನಗೆ ಹಸಿವಿಲ್ಲವೆಂದು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ಅಡುಗೆ ಯಾರದ್ದು?"

"ಒಬ್ಬಳು ಬರ್ತಾಳೆ ಮೇಡಂ" ಎಂದ ನರೇಶ. "ಅವಳಿಗೆ ನಾಚಿಕೆ ಜಾಸ್ತಿ, ಹೊರಗೆ ಬರೂದಿಲ್ಲ."

"ನಾಚಿಕೆ ಅಡುಗೆ ಮಾಡೂಕ್ ಮುಂಚೆ ಬರಬೇಕಿತ್ತು" ಎಂದು ಬಂಗಾರಿ ಅನ್ನ ಕಲಸಿದಳು. ಬಾಗಿಲ ಸಂದಿಯ ನೆರಳು ಅಲುಗಲಿಲ್ಲ. ಬಂಗಾರಿಯ ಕೈ ಬಟ್ಟಲಿನಿಂದ ಬಾಯಿಯ ತನಕ ಹೋಗಲು ಎಂಟು ವರ್ಷ ಹಿಡಿದಿತ್ತು. ಆಮೇಲೆ ತುತ್ತು ಒಳಗೆ ಹೋಯಿತು. ಎಂತದೂ ಆಗಲಿಲ್ಲ. ಮಾಡು ಬೀಳಲಿಲ್ಲ, ಸಮುದ್ರ ಓಣಿಗೆ ಬರಲಿಲ್ಲ. ಇಷ್ಟಕ್ಕೇ ನಾನು ಇಷ್ಟು ವರ್ಷ ಮಗಳ ಮನೆಯಿಂದ ದೂರ ಉಳಿದೆನೇ ಎಂದು ಅವಳಿಗೆ ಆ ಹಳಬರ ಮೇಲೆಲ್ಲ ಕೆಟ್ಟ ಕೋಪ ಬಂತು.

"ಉಪ್ಪಿಲ್ಲ" ಎಂದಳು ಗಟ್ಟಿಯಾಗಿ. "ಹುಳಿ ಜಾಸ್ತಿ. ಮೀನು ಬೆಂದು ಕರಗಿಹೋಗ್ಯದೆ. ಇದಕ್ಕೆ ಸಾರು ಅಂತ ಕರೀತಾರೆ ಈ ಕಡೆ? ಹಾಕು, ಇನ್ನೊಂದು ಸಲ ಹಾಕು."

ನರೇಶ ಹಾಕಿದ. ಅದನ್ನೂ ಉಂಡು, ಬಟ್ಟಲನ್ನು ಬೆರಳಲ್ಲಿ ಬಳಿದು, "ಕುಣಿಯೂಕೆ ಬರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಅಡುಗೆಯವಳು ನಾಳೆ ಒಲೆ ಸರಿ ಇಲ್ಲ ಅಂತಾಳೆ ನೋಡು" ಎಂದಳು. ಮಗಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಸರಿದದ್ದು ಕಂಡಿತು. ಅವಳು ನಕ್ಕಳೋ ಅತ್ತಳೋ ಬಂಗಾರಿಗೆ ತಿಳಿಯಲಿಲ್ಲ.

ಅಂದು ಮಗಳ ಪಕ್ಕದಲ್ಲಿ ಮಲಗಿ ಹಾಸಿಗೆ ಮೆತ್ತಗಾಯಿತೆಂದು ಬಯ್ದಳು, ದಿಂಬು ಗಟ್ಟಿಯಾಯಿತೆಂದು ಬಯ್ದಳು. ನಿದ್ದೆ ಮಾತ್ರ ಚೆನ್ನಾಗಿ ಬಂತು.

ಬೆಳಿಗ್ಗೆ ದೋಸೆ ತಿಂದಾದ ಮೇಲೆ ನರೇಶ ಬಣ್ಣದ ಬಿಲ್ಲು ತಂದಿಟ್ಟ. ಅದರ ಮೇಲೂ ಅದೇ ಹಾಯಿದೋಣಿ. ಪ್ರವೀಣನ ಲೆಕ್ಕಾಚಾರ ಹೀಗಿತ್ತು: ಅತ್ತೆ ದುಡ್ಡು ಕೊಡುತ್ತಾಳೆ, ಆಮೇಲೆ ಅದನ್ನು ಅವಳ ಚೀಲಕ್ಕೇ ಸೇರಿಸಿದರಾಯಿತು. ಬಂಗಾರಿ ಸೊಂಟದ ಸಂಚಿಗೆ ಕೈ ಹಾಕಿದಳು. ಕೊಟ್ಟರೆ ತಾನು ಗಿರಾಕಿ, ನೇಮ ಉಳಿಯಿತು, ಯಾರ ಬಾಯಿಗೂ ಸೊಲ್ಲಿಲ್ಲ. ಕೊಡದಿದ್ದರೆ ತಾನು ಮಗಳ ಮನೆಯಲ್ಲಿ ಉಂಡ ತಾಯಿ. ಅವಳು ಸಂಚಿಯಿಂದ ಕೈ ತೆಗೆದಳು. ಕೈಯಲ್ಲಿ ಬಂದದ್ದು ಎಲೆ ಅಡಿಕೆ.

"ದುಡ್ಡು ಕೊಡೂದಿಲ್ಲ" ಎಂದಳು. "ಇಂಥ ಊಟಕ್ಕೆ ದುಡ್ಡು ಕೊಡೂಕೆ ನಂಗೆಂತ ಮಳ್ಳು ಹಿಡ್ದಿದ್ಯ?"

ಇದು ನಾಟಕದಲ್ಲಿ ಇಲ್ಲದ ಮಾತು. ನರೇಶ ಪ್ರವೀಣನನ್ನು ನೋಡಿದ, ಪ್ರವೀಣ ಉಮಾಳನ್ನು ನೋಡಿದ. ಉಮಾ ತಾಯಿಯನ್ನು ನೋಡಿದಳು. ತಾಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ವ್ಯಾನು ಹೊರಟಿತು. ಉಮಾ ತಾನೂ ಬರುತ್ತೇನೆಂದು ಹಿಂದೆ ಹತ್ತಿದಳು. ಅತ್ತೆಯ ಮನಸ್ಸು ಕೆಟ್ಟಿದೆಯೆಂದು ತಿಳಿದ ಪ್ರವೀಣ ಅದನ್ನು ಸರಿಮಾಡಲು ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದ. ಗದ್ದೆಗಳಲ್ಲಿ ಶೇಂಗಾ ಹಸಿರಾಗಿತ್ತು, ಬೇಲಿಗಳ ಮೇಲೆ ಗೇರುಹಣ್ಣು ಕೆಂಪಗೆ ತೂಗುತ್ತಿತ್ತು.

"ಎಷ್ಟು ಚೊಲೋ ಕಾಣ್ತದೆ ನೋಡಿ ಅತ್ತೆ! ಜನ ದೂರದಿಂದ ಬರ್ತಾರೆ ಇದನ್ನ ನೋಡೂಕೆ."

"ಗದ್ದೆ ನೋಡೂಕೆ ಬರೂದು ಯಾರು? ಗದ್ದೆಗೆ ಇಳಿಯದವರು."

ಮತ್ತೆ ಹೆದ್ದಾರಿಗೆ ಬಂದು ಹೊನ್ನಾವರದ ಸೇತುವೆಯ ಮೇಲೆ ಅವನು ವೇಗ ತಗ್ಗಿಸಿದ. ಶರಾವತಿ ಸಮುದ್ರಕ್ಕೆ ಸೇರುವ ಜಾಗ, ನಡುವೆ ತೆಂಗು ತುಂಬಿದ ನಡುಗಡ್ಡೆಗಳು. ಅವನ ಫ್ಲೆಕ್ಸಿನ ಚಿತ್ರಕ್ಕಿಂತ ಸಾವಿರ ಪಾಲು ಮಿಗಿಲಾಗಿತ್ತು. ಬಂಗಾರಿ ಸ್ವಲ್ಪ ಹೊತ್ತು ನೋಡಿದಳು, ನೋಡಿದ್ದು ಅಳಿಯನಿಗೆ ಗೊತ್ತಾಗಬಾರದೆಂದು, "ಇಷ್ಟೆಲ್ಲ ನೀರು, ಕುಡಿದ್ರೆ ಉಪ್ಪು" ಎಂದಳು.

ಕರ್ಕಿ ದಾಟುವಾಗ ಪ್ರವೀಣ ಕಡೆಯ ಪ್ರಯತ್ನ ಮಾಡಿದ. "ಕರ್ಕಿ ಅಂದ್ರೆ ಯಕ್ಷಗಾನದೂರು ಅಲ್ದ ಅತ್ತೆ? ಇಲ್ಲಿಯವರ ವೇಷ ನೋಡಬೇಕು."

"ವೇಷ ನೋಡೂಕೆ ಕರ್ಕಿ ತನಕ ಎಂತಕೆ ಬರಬೇಕು?" ಎಂದಳು ಬಂಗಾರಿ. "ತೆಂಗಿನಗುಂಡಿಲೂ ಹಾಕ್ತಾರೆ. ಭಾಗವತ ಯಾರು ಅಂತ ಗೊತ್ತಾಗಲಿಲ್ಲ, ಆದ್ರೆ ಮ್ಯಾನೇಜರನ ವೇಷ ತೀರಾ ಕಳಪೆ."

ಪ್ರವೀಣನ ಕಿವಿ ಕೆಂಪಾಯಿತು. ಅಲ್ಲಿಂದ ಕುಮಟೆಯ ತನಕ ಅವನು ಒಂದು ಮರವನ್ನೂ ತೋರಿಸಲಿಲ್ಲ. ಹಿಂದಿನ ಸೀಟಿನಲ್ಲಿ ಉಮಾ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಅವ್ವನಿಗೆ ಗೊತ್ತಾಗಿದೆಯೇ? ಗೊತ್ತಾದದ್ದು ಉಣ್ಣುವ ಮೊದಲೋ, ಉಂಡ ಮೇಲೋ? ಉಂಡ ಮೇಲಾದರೆ, ಕದ್ದು ನೇಮ ಮುರಿಸಿದ ಮಗಳನ್ನು ಈ ಬಾಯಿ ಬಿಡುವುದಿಲ್ಲ. ಕೇಳುವ ಧೈರ್ಯ ಅವಳಿಗೆ ಬರಲಿಲ್ಲ, ಹೇಳುವ ಮನಸ್ಸು ಬಂಗಾರಿಗೂ ಆಗಲಿಲ್ಲ. ಹೇಳಬೇಕಾದ ಜಾಗ ಬೇರೆಯಿತ್ತು.

ಹೊಳನಗದ್ದೆಯಲ್ಲಿ ಬಂಗಾರಿಯ ಅಂಗಳದಲ್ಲೇ ಆ ದಿನ ಹೆಂಗಸರು ಈರುಳ್ಳಿ ಹೆಣೆಯುತ್ತಿದ್ದರು. ಜಟ್ಟ ಒಣ ಈರುಳ್ಳಿ ತಂದು ಸುರಿಯುತ್ತಿದ್ದ. ವ್ಯಾನು ನಿಂತದ್ದೇ ಎಲ್ಲರ ಕತ್ತೂ ಇತ್ತ ತಿರುಗಿತು.

"ಬಂಗಾರಿ, ನಿನ್ನೆ ಎಲ್ಲಿ ಉಳ್ಕಂಡಿದ್ದೆ?" ಹೊನ್ನಮ್ಮ ಕೇಳಿದಳು. ಕೇಳಿದ ದನಿಯಲ್ಲಿ ಬೆಲ್ಲ ಇತ್ತು, ಕಣ್ಣಲ್ಲಿ ಬೇರೆಯೇ ಇತ್ತು.

"ಗೆಸ್ಟ್ ಹೌಸಲ್ಲಿ, ದುಡ್ಡು ಕೊಟ್ಟು..." ಎಂದು ಪ್ರವೀಣ ಶುರುಮಾಡಿದ.

"ಅಳಿಯಂದಿರೇ, ನೀವು ಬೋರ್ಡು ಬರೀರಿ, ಸಾಕು. ಮಾತು ನಿಮಗೆ ಬರೂದಿಲ್ಲ" ಎಂದು ಬಂಗಾರಿ ಅವನ ಬಾಯಿ ಮುಚ್ಚಿಸಿದಳು. ಸೀರೆ ಎತ್ತಿ ಕಟ್ಟಿ ತನ್ನ ಜಾಗದಲ್ಲಿ ಕೂತಳು. ನಾಲ್ಕು ಈರುಳ್ಳಿ ಹಿಡಿದು ಹೆಣೆಯತೊಡಗಿದಳು. ಎರಡು ಸಲ ಎಳೆ ತಪ್ಪಿತು. ಆಮೇಲೆ ಸೊಲ್ಲು ಎತ್ತಿದಳು.

"ಬಂಗಾರಿ ಸಾರುಂಡಳಂತೆ ಮಗಳ ಮನೆಯಲ್ಲಿ,
ತೊಟ್ಲಿಲ್ದ ಮನೇಲೂ ಒಲೆ ಉರಿತದಂತೆ.
ಉಪ್ಪಿಲ್ಲ ಅಂದಳಂತೆ, ಮತ್ತೆ ಬಡಿಸ್ಕಂಡಳಂತೆ,
ದುಡ್ಡು ಕೊಟ್ಟು ಉಣ್ಣೂಕೆ ಅವಳೇನು ಪರದೇಶಿಯಂತೆ?"

ಸೊಲ್ಲು ಎತ್ತಿದ ಮೇಲೆ ಯಾರಾದರೂ ಅದನ್ನು ಹಿಡಿಯಬೇಕು. ಯಾರೂ ಹಿಡಿಯದಿದ್ದರೆ ಹಾಡಿದವಳ ಮುಖಕ್ಕೆ ಹೊಡೆದ ಹಾಗೆ. ಹೆಂಗಸರೆಲ್ಲ ಹೊನ್ನಮ್ಮನನ್ನು ನೋಡಿದರು. ಇದರ ಹಕ್ಕು ಅವಳದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊನ್ನಮ್ಮ ಕೈಯಲ್ಲಿದ್ದ ಗೊಂಚಲನ್ನು ಕೆಳಗಿಟ್ಟಳು.

"ಈ ಸೊಲ್ಲು ಕೇಳೂಕೆ ಎಷ್ಟು ವರ್ಷ ಕಾದೆ ನಾನು, ದರಿದ್ರದವಳೇ" ಎಂದಳು. "ಕಟ್ಟೂಕೂ ನೀನೇ ಬೇಕಾಯ್ತು. ನಂಗೆ ಅಷ್ಟೂ ಉಳಿಸಲಿಲ್ಲ."

ಹಾಗೆಂದು ಗಂಟಲು ಸರಿಮಾಡಿಕೊಂಡು, ಕೇರಿಗೆಲ್ಲ ಕೇಳುವಂತೆ ಹೊನ್ನಮ್ಮ ಆ ಸೊಲ್ಲನ್ನು ಹಿಡಿದಳು. 'ಬಂಗಾರಿ' ಎಂಬಲ್ಲಿ ಬೇಕೆಂದೇ ಎಳೆದು ಹಾಡಿದಳು. ಉಳಿದವರು ಅವಳ ಹಿಂದೆ ಹಾಡಿದರು. ಜಟ್ಟ ಈರುಳ್ಳಿಯ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

ಉಮಾ ಅಂಗಳದ ಬೇಲಿಯ ದಣಪೆಯ ಹತ್ತಿರ ನಿಂತಿದ್ದಳು. ಹಾಡು ಮುಗಿಯುವ ತನಕ ಕಾದು, ಬಂದು ತಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕಣ್ಣು ಒರೆಸಿಕೊಳ್ಳಲಿಲ್ಲ.

"ಅವ್ವ, ಉಣ್ಣೂಕ್ ಮುಂಚೆನೇ ಗೊತ್ತಿತ್ತ?"

"ಚೊಂಬು ಬಚ್ಚಲಲ್ಲಿ ಇಟ್ಕಂಡು ಗೆಸ್ಟ್ ಹೌಸ್ ನಡೆಸ್ತಾರೆ" ಎಂದಳು ಬಂಗಾರಿ, ಹೆಣೆಯುತ್ತಲೇ.

"ಹಂಗಾರೆ ಉಪ್ಪು? ಖರೇನೇ ಕಮ್ಮಿ ಇತ್ತ?"

ಬಂಗಾರಿ ತಲೆ ಎತ್ತಲಿಲ್ಲ. ಗೊಂಚಲಿಗೆ ಕಡೆಯ ಗಂಟು ಹಾಕಿ, ಎಳೆದು ಬಿಗಿದು, ಮಗಳ ಮಡಿಲಿಗೆ ಹಾಕಿದಳು.

"ಸರೀ ಇತ್ತು" ಎಂದಳು.